ಹಸ್ತಾಕ್ಷರ ಪರೀಕ್ಷೆ

ರತ್ನಗಳನ್ನು ಪರೀಕ್ಷಿಸುವುದಕ್ಕೆ ಶಾಸ್ತ್ರವುಂಟು; ಕುದುರೆಗಳ ಲಕ್ಷಣವನ್ನು ತಿಳಿಯುವುದಕ್ಕೂ ಶಾಸ್ತ್ರವುಂಟು. ದೊಡ್ಡವರ ರುಜುವನ್ನು ಹಣ ತೆತ್ತು ಕೊಳ್ಳುವ ಕಾಲವೊಂದು ಬಂದೀತೆಂದು ಪೂರ್ವಿಕರು ಎಣಿಸಿರಲಿಲ್ಲವಾಗಿ, ಹಸ್ತಾಕ್ಷರ ಪರೀಕ್ಷೆಗೆಂದೇ ಒಂದು ಗ್ರಂಥ ಹುಟ್ಟಲಿಲ್ಲ. ಈಗ ಆ ಕಾಲ ಬಂದಿದೆ. ಶಾಲಾ ಇಲಾಖೆಯವರು ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದು ಒಟ್ಟುಗೂಡಿಸಿರುವ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಯಾವ ಊರಿನ ಜಗುಲಿಯ ಮೇಲೆ ಕುಳಿತಾದರೂ ಮೊಬೈಲಿನ ಪರದೆಯ ಮೇಲೆ ಬೆರಳಾಡಿಸಿ, ಗಾಂಧೀಜಿಯವರ ರುಜುವುಳ್ಳ ಕಾರ್ಡನ್ನೋ, ವಿಶ್ವೇಶ್ವರಯ್ಯನವರ ರುಜುವುಳ್ಳ ಕಾಗದವನ್ನೋ, ರಾಜಕುಮಾರ್ ಅವರ ರುಜುವುಳ್ಳ ಭಾವಚಿತ್ರವನ್ನೋ ತರಿಸಿಕೊಳ್ಳಬಹುದು. ನಾಲ್ಕು ದಿನಗಳಲ್ಲಿ ಪೊಟ್ಟಣ ಬಾಗಿಲಿಗೆ ಬರುತ್ತದೆ. ಅದರೊಳಗೆ ದೃಢೀಕರಣ ಪತ್ರವೆಂಬ ಇನ್ನೊಂದು ಕಾಗದವೂ ಇರುತ್ತದೆ. ರುಜುವಿಗಿಂತ ಆ ಪತ್ರವೇ ಹೆಚ್ಚು ಅಲಂಕಾರವಾಗಿರುವುದು ವಾಡಿಕೆ.

ರುಜುವಿಗೆ ಹಣ ಕೊಡುವ ಪದ್ಧತಿಯೇನೋ ಹೊಸದಲ್ಲ. ಗಾಂಧೀಜಿಯವರು ಹರಿಜನ ನಿಧಿಗಾಗಿ ಒಂದೊಂದು ರುಜುವಿಗೆ 5 ರೂಪಾಯಿ ತೆಗೆದುಕೊಳ್ಳುತ್ತಿದ್ದುದು ಪ್ರಸಿದ್ಧವಾದ ಸಂಗತಿ. ಆದರೆ ಅಲ್ಲಿ ಕೊಡುವವನೂ ಬರೆಯುವವರೂ ಎದುರುಬದುರಾಗಿ ಇದ್ದರು. ಪರೀಕ್ಷೆಗೆ ಅವಕಾಶವೇ ಇರಲಿಲ್ಲ. ಬರೆದ ಕೈಗೂ ಕೊಳ್ಳುವ ಕೈಗೂ ನಡುವೆ ಕಾಣದ ಹತ್ತು ಕೈಗಳು ಸೇರಿಕೊಂಡಾಗಲೇ ಪರೀಕ್ಷೆ ಬೇಕಾಗುತ್ತದೆ.

ರುಜುವೆಂಬ ಶಬ್ದದ ವಿಷಯದಲ್ಲಿ ಒಂದು ಮಾತು. ಅದು ಸಂಸ್ಕೃತದ ಋಜು ಶಬ್ದವೇ, ನೇರವಾದದ್ದೆಂದು ಅರ್ಥ, ಎಂದು ವಿವರಿಸುವವರು ಪಂಡಿತರಲ್ಲಿಯೂ ಇದ್ದಾರೆ. ಅರ್ಥ ಸೊಗಸಾಗಿದೆ, ವ್ಯುತ್ಪತ್ತಿ ಸರಿಯಲ್ಲ. ಅದು ಕಚೇರಿಗಳ ಪಾರಸಿ ಭಾಷೆಯ ಜೊತೆಯಲ್ಲಿ ಬಂದ ಮಾತು. 1687ರಿಂದ 1757ರ ವರೆಗೆ ಮೊಗಲರ ಸುಬಾ ಆಗಿದ್ದ ಶಿರಾದ ಸೀಮೆಯಲ್ಲಿ ಇಂಥ ಮಾತುಗಳು ಬೇರೂರಿದ್ದರಲ್ಲಿ ಆಶ್ಚರ್ಯವೇನಿದೆ? ಅಚ್ಚಗನ್ನಡದ ಶಬ್ದ ‘ಒಪ್ಪ’. ಒಪ್ಪವೆಂದರೆ ಚೆಲುವು, ಒಪ್ಪಿಗೆಯೂ ಅದರಿಂದಲೇ ಬಂದದ್ದು. ವಿಜಯನಗರದ ಅರಸರ ತಾಮ್ರಶಾಸನಗಳನ್ನು ನೋಡಿದವರು ಬಲ್ಲರು: ಶಾಸನವೆಲ್ಲ ಸಂಸ್ಕೃತದಲ್ಲಿ, ನಂದಿನಾಗರೀ ಲಿಪಿಯಲ್ಲಿ ಸಾಗಿ ಬಂದು, ಕೊನೆಯಲ್ಲಿ ಮಾತ್ರ ದಪ್ಪನೆಯ ಕನ್ನಡ ಅಕ್ಷರಗಳಲ್ಲಿ ‘ಶ್ರೀ ವಿರೂಪಾಕ್ಷ’ ಎಂದಿರುತ್ತದೆ. ಅದೇ ಅರಸರ ಒಪ್ಪ. ಅದು ಅರಸನ ಹೆಸರೂ ಅಲ್ಲ, ದೇವರ ಹೆಸರು. ತಾಮ್ರದ ಮೇಲೆ ಕೊರೆದ ಕೈ ಅರಸನದೂ ಅಲ್ಲ, ಅಕ್ಕಸಾಲೆಯದು. ಆದರೂ ಆ ಒಪ್ಪಕ್ಕೆ ಕೊರತೆ ಬರಲಿಲ್ಲ. ಏಕೆಂದರೆ ಆ ಕಾಲದವರು ಅದರಲ್ಲಿ ನೋಡುತ್ತಿದ್ದುದು ಅರಸನ ಸಮ್ಮತಿಯನ್ನು. ಇಂದು ಹಣ ಕೊಟ್ಟು ಕೊಳ್ಳುವವನಿಗೆ ಬೇಕಾದದ್ದು ಸಮ್ಮತಿಯಲ್ಲ, ಸ್ಪರ್ಶ. ಆ ಮಹನೀಯರ ಕೈ ಈ ಕಾಗದದ ಮೇಲೆ ನಿಜವಾಗಿ ಓಡಾಡಿತ್ತೆ ಎಂಬುದೊಂದೇ ಅವನ ಪ್ರಶ್ನೆ. ಕಾರ್ಯದರ್ಶಿ ಹಾಕಿದ ರುಜು ರಾಜ್ಯಕಾರ್ಯಕ್ಕೆ ಸಲ್ಲಬಹುದು. ಸಂಗ್ರಾಹಕನ ಪೆಟ್ಟಿಗೆಗೆ ಸಲ್ಲುವುದಿಲ್ಲ.

ಈ ವಿದ್ಯೆಯಲ್ಲಿ ಮೊದಲ ಪಾಠ ಕಲಿತವರು ಹಳ್ಳಿಯ ಶಾಲಾ ಉಪಾಧ್ಯಾಯರೆಂದರೆ ಅತಿಶಯೋಕ್ತಿಯಾಗದು. ಗಣಿತದಲ್ಲಿ ಸೊನ್ನೆ ತೆಗೆದುಕೊಂಡ ಹುಡುಗ, ಪ್ರಗತಿಪತ್ರದಲ್ಲಿ ತಂದೆಯ ರುಜುವನ್ನು ತಾನೇ ಹಾಕಿಕೊಂಡು ಬರುವುದು ಎಲ್ಲ ಕಾಲಕ್ಕೂ ಎಲ್ಲ ಊರಿಗೂ ಉಂಟು. ಮೇಷ್ಟರು ಅದನ್ನು ಹೇಗೆ ಕಂಡುಹಿಡಿಯುತ್ತಾರೆ? ಅಕ್ಷರ ತಪ್ಪಿದೆಯೆಂದಲ್ಲ, ಅಕ್ಷರ ಬಹಳ ಚೆನ್ನಾಗಿದೆಯೆಂದು. ತಂದೆ ಹೊಲಕ್ಕೆ ಹೊರಡುವ ಅವಸರದಲ್ಲಿ, ಕಂಬಕ್ಕೆ ಪತ್ರವನ್ನು ಒತ್ತಿ ಹಿಡಿದು ಗೀಚಿದ ರುಜುವಿನಲ್ಲಿ ವೇಗವಿರುತ್ತದೆ, ಒಂದು ಅಕ್ಷರ ನುಂಗಿಹೋಗಿರುತ್ತದೆ, ಕೊನೆಯ ಗೆರೆ ಗಾಳಿಗೆ ಹಾರಿದಂತೆ ತೆಳುವಾಗುತ್ತದೆ. ಮಗನ ರುಜು ನಿಧಾನವಾಗಿ, ಸಮನಾದ ಒತ್ತಿನಿಂದ, ಎಲ್ಲ ಅಕ್ಷರಗಳನ್ನೂ ಗೌರವಿಸಿ ನಡೆಯುತ್ತದೆ. ಅದು ಬರೆದದ್ದಲ್ಲ, ಚಿತ್ರಿಸಿದ್ದು. ದೊಡ್ಡ ದೊಡ್ಡ ಹಸ್ತಾಕ್ಷರ ತಜ್ಞರು ಮಸೂರ ಹಿಡಿದು ನೋಡುವುದೂ ಮೊದಲು ಇದನ್ನೇ: ಗೆರೆ ಓಡಿದೆಯೋ ತೆವಳಿದೆಯೋ ಎಂದು.

ಆದರೆ ಈ ಲಕ್ಷಣ ಒಂದನ್ನೇ ನಂಬಿದರೆ ಮೋಸಹೋಗಬೇಕಾಗುತ್ತದೆ. ವಯಸ್ಕರ ಶಿಕ್ಷಣದಲ್ಲಿ ಐವತ್ತನೆಯ ವರ್ಷಕ್ಕೆ ಹೆಸರು ಬರೆಯುವುದನ್ನು ಕಲಿತ ಪಾವಗಡದ ಕಡೆಯ ಹೆಣ್ಣುಮಗಳ ರುಜುವೂ ತೆವಳುತ್ತದೆ. ಅದು ಅಪ್ಪಟ ಸತ್ಯವಾದ ರುಜು. ನೂರು ವರ್ಷ ದಾಟಿ ಬಾಳಿ 1962ರಲ್ಲಿ ತೀರಿಕೊಂಡ ವಿಶ್ವೇಶ್ವರಯ್ಯನವರಂಥ ದೀರ್ಘಾಯುಗಳು ಯೌವನದಲ್ಲಿ ಹಾಕಿದ ರುಜುವಿಗೂ ಮುಪ್ಪಿನಲ್ಲಿ ಹಾಕಿದ ರುಜುವಿಗೂ ಅಂತರವಿಲ್ಲದಿದ್ದರೆ ಅಲ್ಲಿಯೇ ಸಂಶಯಪಡಬೇಕು. ನಡುಗಿದ ಗೆರೆ ಕಳ್ಳನದೂ ಆಗಬಹುದು, ವೃದ್ಧನದೂ ಆಗಬಹುದು.

ಕಣ್ಣಿಗೆ ಕಾಣುವ ಬೇರೆ ಕೆಲವು ಗುರುತುಗಳಿವೆ. ಅಚ್ಚಿನಲ್ಲಿ ಮೂಡಿಸಿದ ರುಜುವನ್ನು ಮಸೂರದಲ್ಲಿ ನೋಡಿದರೆ ಚುಕ್ಕೆಗಳ ಜಾಲ ಕಾಣುತ್ತದೆ. ಲೇಖನಿ ಊರಿದ ತಗ್ಗು ಇರುವುದಿಲ್ಲ. ರಬ್ಬರು ಮುದ್ರೆಯಲ್ಲಿ ಮಸಿ ಅಂಚಿಗೆ ಸರಿದು ಗಟ್ಟಿಯಾಗಿರುತ್ತದೆ. ಎಷ್ಟೋ ವರ್ಷದ ಮಡಿಕೆಯ ಮೇಲೆ ಹೊಸ ಮಸಿ ಹಾದುಹೋದರೆ ಮಡಿಕೆಯ ಬಿರುಕಿನೊಳಕ್ಕೆ ಹರಡಿಕೊಳ್ಳುತ್ತದೆ: ಎಂದರೆ ಮಡಿಕೆ ಮೊದಲು, ರುಜು ಆಮೇಲೆ. ಒಬ್ಬನ ಎರಡು ನಿಜವಾದ ರುಜುಗಳು ಒಂದರ ಮೇಲೊಂದು ಇಟ್ಟರೆ ಎಂದಿಗೂ ಪೂರಾ ಕೂಡುವುದಿಲ್ಲ. ಕೂಡಿದರೆ ಅವುಗಳಲ್ಲೊಂದು ನಕಲು, ಅಥವಾ ಎರಡೂ ಯಂತ್ರದವು. 2022ರಲ್ಲಿ ಅಮೆರಿಕದ ಗಾಯಕ ಬಾಬ್ ಡಿಲನ್ ಅವರ ಹೊಸ ಪುಸ್ತಕದ 900 ಪ್ರತಿಗಳನ್ನು, ಅವರ ಸ್ವಹಸ್ತದ ರುಜುವಿದೆಯೆಂದು ಹೇಳಿ, ಒಂದೊಂದಕ್ಕೆ ಸುಮಾರು 600 ಡಾಲರಿನಂತೆ ಮಾರಿದರು. ಕೊಂಡವರು ತಮ್ಮ ತಮ್ಮ ಪ್ರತಿಗಳ ಚಿತ್ರಗಳನ್ನು ಪರಸ್ಪರ ಹೋಲಿಸಿ ನೋಡಿದಾಗ ರುಜುಗಳು ಅಚ್ಚೊತ್ತಿದಂತೆ ಒಂದೇ ಆಗಿದ್ದವು. ರುಜು ಹಾಕುವ ಯಂತ್ರದ ಕೆಲಸವದು. ಪ್ರಕಾಶಕರು ಹಣ ಹಿಂದಿರುಗಿಸಿದರು, ಗಾಯಕರು ಕ್ಷಮೆ ಕೇಳಿದರು. ಆ ಪ್ರತಿಗಳ ಜೊತೆಯಲ್ಲಿಯೂ ದೃಢೀಕರಣ ಪತ್ರವಿತ್ತೆಂಬುದನ್ನು ಗಮನಿಸಬೇಕು. ಅದನ್ನು ಕೊಟ್ಟವರು ಬೀದಿಯ ವ್ಯಾಪಾರಿಗಳಲ್ಲ, ಸ್ವತಃ ಪ್ರಕಾಶಕರು.

ಜಾಲದಲ್ಲಿ ಕೊಳ್ಳುವವನಿಗೆ ಈ ಗುರುತುಗಳಲ್ಲಿ ಅರ್ಧದಷ್ಟೂ ದಕ್ಕುವುದಿಲ್ಲ. ಅವನು ನೋಡುವುದು ರುಜುವನ್ನಲ್ಲ, ರುಜುವಿನ ಚಿತ್ರವನ್ನು. ಚಿತ್ರದಲ್ಲಿ ತಗ್ಗಿಲ್ಲ, ಮಸಿಯ ಹೊಳಪಿಲ್ಲ, ಕಾಗದದ ಹಿಂಬದಿಯಿಲ್ಲ. ಹಾಗಾದರೆ ಅವನಿಗೆ ಗತಿಯೇನು?

ಗತಿಯನ್ನು ತೋರಿಸಿದವರು ಕನ್ನಡನಾಡಿನಲ್ಲಿಯೇ ಕುಳಿತು ಬರೆದ ಒಬ್ಬ ಮಹಾಪುರುಷರು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರರು ಯಾಜ್ಞವಲ್ಕ್ಯಸ್ಮೃತಿಗೆ ರಚಿಸಿದ ಮಿತಾಕ್ಷರಾ ವ್ಯಾಖ್ಯಾನವನ್ನು ದಾಯಭಾಗದ ವ್ಯಾಜ್ಯಗಳಿಗಾಗಿ ವಕೀಲರು ಓದಿದರು. ಲೇಖ್ಯ ಪ್ರಕರಣವನ್ನು ಓದಿದವರು ಕಡಮೆ. ಸಾಲಪತ್ರ ಸಂದೇಹಕ್ಕೆ ಒಳಗಾದರೆ ಅದನ್ನು ಶುದ್ಧಪಡಿಸುವ ಬಗೆ ಅಲ್ಲಿ ಬಂದಿದೆ. ಅದೇ ವ್ಯಕ್ತಿ ಬರೆದ ಬೇರೆ ಬರಹದೊಡನೆ ಹೋಲಿಸಿ ನೋಡುವುದು ಮೊದಲನೆಯದು. ಆದರೆ ಶಾಸ್ತ್ರಕಾರರು ಅಷ್ಟಕ್ಕೆ ನಿಲ್ಲುವುದಿಲ್ಲ. ಈ ದೇಶದಲ್ಲಿ, ಈ ಕಾಲದಲ್ಲಿ, ಈ ಮನುಷ್ಯನಿಗೆ ಈ ವಸ್ತು ಘಟಿಸುವುದೇ ಎಂದು ನೋಡಬೇಕು. ಕಂಡ ಸಾಕ್ಷಿಗಳಿದ್ದಾರೆಯೇ ಎಂದು ವಿಚಾರಿಸಬೇಕು. ಶ್ರೀಕಾರವೇ ಮೊದಲಾದ, ಅವನಿಗೇ ವಿಶೇಷವಾದ ಚಿಹ್ನೆಯಿದೆಯೇ ಎಂದು ಗಮನಿಸಬೇಕು. ಕೊಟ್ಟವನಿಗೂ ಪಡೆದವನಿಗೂ ಹಿಂದೆ ಸಂಬಂಧವಿತ್ತೇ, ವಸ್ತು ಕೈಗೆ ಬಂದ ದಾರಿ ಯಾವುದು ಎಂದು ಕೇಳಬೇಕು. ಆ ಕೊನೆಯದಕ್ಕೆ ಅವರ ಪರಿಭಾಷೆಯಲ್ಲಿ ‘ಆಗಮ’ವೆಂದು ಹೆಸರು. ಅಕ್ಷರದ ಆಕಾರ ಈ ಪಟ್ಟಿಯಲ್ಲಿ ಒಂದು ಭಾಗವಷ್ಟೆ. ಆಕಾರವನ್ನು ಅನುಕರಿಸುವುದಕ್ಕೆ ಕೈಚಳಕ ಸಾಕು. ದೇಶ, ಕಾಲ, ಸಂಬಂಧ, ಆಗಮ ಇವೆಲ್ಲವನ್ನೂ ಒಟ್ಟಿಗೆ ಅನುಕರಿಸುವುದು ಕೂಟಲೇಖಕನಿಗೆ ಅಷ್ಟು ಸುಲಭವಲ್ಲ. ಅವನು ಎಲ್ಲಿಯೋ ಒಂದು ಕಡೆ ಎಡವುತ್ತಾನೆ.

ಶಿವಮೊಗ್ಗ ಸೀಮೆಯಲ್ಲಿ ಜನಮೇಜಯ ಚಕ್ರವರ್ತಿ ಸರ್ಪಯಾಗದ ಸಮಯದಲ್ಲಿ ಕೊಟ್ಟನೆಂದು ಹೇಳುವ ತಾಮ್ರಶಾಸನಗಳು ದೊರೆತಿದ್ದವು. ದ್ವಾಪರ ಕಳೆದ ಮೇಲಣ ಅರಸನಿಗೆ ಎಷ್ಟೋ ಶತಮಾನಗಳ ಮುಂದಿನ ಲಿಪಿ ಹೇಗೆ ತಿಳಿಯಿತು? ಕಾಲ ಘಟಿಸಲಿಲ್ಲ, ಶಾಸನ ಬಿದ್ದುಹೋಯಿತು. ಗಂಗರ ತಾಮ್ರಶಾಸನಗಳಲ್ಲಿ ಬಹುಪಾಲು ಕೂಟವೆಂದು ಫ್ಲೀಟ್ ಸಾಹೇಬರು ಸಾಧಿಸಹೊರಟರು. 1904ರಲ್ಲಿ ತುಮಕೂರು ಜಿಲ್ಲೆಯ ಶಾಸನಸಂಪುಟವನ್ನು ಹೊರತಂದ ರೈಸ್ ಸಾಹೇಬರು ಅವುಗಳ ಪರವಾಗಿ ವಾದಿಸಿದರು. ಆ ವಾದ ವರ್ಷಗಟ್ಟಲೆ ನಡೆಯಿತು. ಇಬ್ಬರೂ ಕಾದಾಡಿದ್ದು ಅಕ್ಷರದ ಆಕಾರ, ತಿಥಿವಾರಗಳ ಹೊಂದಾಣಿಕೆ, ವಂಶಾವಳಿ ಇವುಗಳ ಮೇಲೆಯೇ. ಈ ಪರೀಕ್ಷೆಯಲ್ಲಿ ಪಾಸಾದ ಶಾಸನಗಳ ಬೆಲೆ ಅದರಿಂದ ಹೆಚ್ಚಿತಲ್ಲದೆ ಕುಗ್ಗಲಿಲ್ಲ.

ಕೊರಟಗೆರೆಯ ಕಡೆಯ ಒಂದು ಮನೆಯಲ್ಲಿ ಈಚೆಗೆ ನಡೆದ ಸಂಗತಿಯನ್ನು ಇಲ್ಲಿ ಹೇಳಬಹುದು. ಆ ಮನೆಯ ಹಿರಿಯರೊಬ್ಬರು ತಮ್ಮ ವಿದ್ಯಾರ್ಥಿದೆಶೆಯಲ್ಲಿ, 1939ರಲ್ಲಿ, ಬೆಂಗಳೂರಿನ ಚಾಮರಾಜಪೇಟೆಯ ಪರಿಷನ್ಮಂದಿರದಲ್ಲಿ ಬಿ. ಎಂ. ಶ್ರೀಕಂಠಯ್ಯನವರಿಂದ ಅವರ ಪುಸ್ತಕವೊಂದರ ಮೇಲೆ ‘ಶ್ರೀ’ ಎಂಬ ರುಜುವನ್ನು ಹಾಕಿಸಿಕೊಂಡಿದ್ದರು. ತುರುವೇಕೆರೆಯ ಸಂಪಿಗೆಯಲ್ಲಿ ಹುಟ್ಟಿದ ಶ್ರೀಯವರು ಆಗ ಪರಿಷತ್ತಿನ ಉಪಾಧ್ಯಕ್ಷರು. ತಮ್ಮ ಜಿಲ್ಲೆಯ ಹುಡುಗನೆಂದು ಎರಡು ಮಾತನ್ನೂ ಆಡಿದರಂತೆ. ಆ ಪುಸ್ತಕವನ್ನು ಯಾರೋ ಓದಿ ಕೊಡುತ್ತೇನೆಂದು ತೆಗೆದುಕೊಂಡು ಹೋದರು. ಪರರ ಕೈಸೇರಿದ ಪುಸ್ತಕದ ಗತಿಯನ್ನು ವಾಚಕರಿಗೆ ಹೇಳಬೇಕಾದದ್ದಿಲ್ಲ. ಹಿರಿಯರು ಕೊನೆಯ ವರೆಗೂ ಅದನ್ನು ನೆನೆದುಕೊಳ್ಳುತ್ತಿದ್ದರು. ಅವರ ಮಗನಿಗೆ 2024ರಲ್ಲಿ ಎಪ್ಪತ್ತು ತುಂಬಿ ಭೀಮರಥ ಶಾಂತಿಯಾಯಿತು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮೊಮ್ಮಗ, ತಾತನ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು, ಜಾಲದ ಅಂಗಡಿಯೊಂದರಲ್ಲಿ ಅದೇ ಪುಸ್ತಕದ, ‘ಶ್ರೀ’ ಎಂಬ ರುಜುವೂ 1939ರ ತಾರೀಖೂ ಉಳ್ಳ ಪ್ರತಿಯನ್ನು ಕಂಡು, ತಿಂಗಳ ಸಂಬಳದಲ್ಲಿ ಒಂದು ಪಾಲನ್ನು ಸುರಿದು ತರಿಸಿ, ನೆಂಟರಿಷ್ಟರ ಎದುರಿಗೆ ತಂದೆಯ ಕೈಗಿಟ್ಟನು. ತಂದೆ ಅದನ್ನು ಕಣ್ಣಿಗೊತ್ತಿಕೊಂಡರು. ಹೆಂಗಸರು ಕಣ್ಣೊರೆಸಿಕೊಂಡರು.

ರಾತ್ರಿ ಎಲ್ಲರೂ ಮಲಗಿದ ಮೇಲೆ ತಂದೆ ಕನ್ನಡಕ ಹಾಕಿಕೊಂಡು ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಮುದ್ರಣದ ವಿವರವಿದ್ದ ಹಾಳೆ ಹರಿದುಹೋಗಿತ್ತು. ಹಳೆಯ ಪುಸ್ತಕದಲ್ಲಿ ಅದು ಸಹಜ. ಆದರೆ ಹಿಂದಿನ ರಟ್ಟಿನ ಒಳಮೈಯಲ್ಲಿ ಬೆಲೆ ಅಚ್ಚಾಗಿತ್ತು, ಅದೂ ನಯೇ ಪೈಸೆಗಳ ಲೆಕ್ಕದಲ್ಲಿ. ರೂಪಾಯಿಗೆ ನೂರು ನಯೇ ಪೈಸೆಯೆಂಬ ಲೆಕ್ಕ ದೇಶಕ್ಕೆ ಬಂದದ್ದು 1957ರ ಏಪ್ರಿಲ್ 1ರಂದು. ಶ್ರೀಯವರು ತೀರಿಕೊಂಡದ್ದು 1946ರ ಜನವರಿಯಲ್ಲಿ. ದೀಪವಾರಿಸಿ ಮಲಗಿದರು. ಯಾರಿಗೂ ಹೇಳಲಿಲ್ಲ.

ಹೇಳದೆಯೇ ಇರುತ್ತಿದ್ದರೋ ಏನೋ. ಮಗನ ಪ್ರೀತಿ ಸುಳ್ಳಲ್ಲವಷ್ಟೆ; ರುಜು ಯಾರದಾದರೇನು ಎಂಬ ಸಮಾಧಾನಕ್ಕೆ ಯಾವ ತಂದೆಯಾದರೂ ಮನಸ್ಸು ಮಾಡಿಯಾನು. ಆದರೆ ಎರಡು ತಿಂಗಳ ಮೇಲೆ ಮಗ ಮತ್ತೆ ಬಂದವನು, ರಾಜ್ಯೋತ್ಸವಕ್ಕೆ ಊರಿನ ಪ್ರೌಢಶಾಲೆಯಲ್ಲಿ ಮಕ್ಕಳಿಗೆ ತೋರಿಸಲು ಪುಸ್ತಕವನ್ನು ಕೊಡುವುದಾಗಿ ಒಪ್ಪಿಕೊಂಡಿದ್ದೇನೆಂದನು. ಆಗ ತಂದೆ ಪುಸ್ತಕವನ್ನು ತೆಗೆಸಿ,

“ಮಗು, ಹಿಂದುಗಡೆ ಬೆಲೆ ಹಾಕಿದೆ, ಓದು” ಎಂದರು.

ಮಗ ಓದಿ, “ನಯೇ ಪೈಸೆ ಅಂದರೇನಪ್ಪ?” ಎಂದನು.

“ನಾನು ಅಕ್ಷರ ಕಲಿಯುವಾಗ ಇದ್ದ ಕಾಸು. ಶ್ರೀಯವರು ಹೋದ ಮೇಲೆ ಹನ್ನೊಂದು ವರ್ಷಕ್ಕೆ ಬಂತು.”

ಮಗ ಬಹಳ ಹೊತ್ತು ಸುಮ್ಮನಿದ್ದು, “ಆವತ್ತೇ ಯಾಕೆ ಹೇಳಲಿಲ್ಲ?” ಎಂದನು.

“ಆವತ್ತು ನೀನು ಕೊಟ್ಟದ್ದು ನಿಮ್ಮ ತಾತನ ಪುಸ್ತಕ. ಈಗ ಮಕ್ಕಳ ಮುಂದೆ ಇಡಬೇಕೆನ್ನುವುದು ಶ್ರೀಯವರ ಕೈಬರಹ.”

ಮಾರಿದವರಿಗೆ ಬರೆದಾಗ, ಹಿಂದಿರುಗಿಸುವ ಅವಧಿ ಮುಗಿದಿದೆಯೆಂದು ಉತ್ತರ ಬಂತು. ಆ ಪುಸ್ತಕ ಈಗಲೂ ಅದೇ ಮನೆಯ ಗೂಡಿನಲ್ಲಿದೆ. ಸುಳ್ಳು ರುಜುವಿನ ಕೆಳಗೆ ತಂದೆ ತಮ್ಮ ಕೈಯಿಂದ, ಮೇಲಿನದು ಶ್ರೀಯವರ ರುಜುವಲ್ಲವೆಂದೂ, ಪುಸ್ತಕವನ್ನು ಮಗ ಇಂಥ ದಿನ ಇಂಥ ಕಾರಣಕ್ಕೆ ತಂದುಕೊಟ್ಟನೆಂದೂ ಬರೆದು, ತಾರೀಖು ಹಾಕಿ ರುಜು ಮಾಡಿದ್ದಾರೆ. ಮಿತಾಕ್ಷರೆಯ ಲೆಕ್ಕದಲ್ಲಿ ಆ ಪುಟದಲ್ಲಿ ನಿಲ್ಲುವ ಲೇಖ್ಯ ಅದೊಂದೇ.

ಕನ್ನಡ ಪುಸ್ತಕಗಳನ್ನು ಪರೀಕ್ಷಿಸುವವರಿಗೆ ಇಂಥ ಕಾಲದ ಗೂಟಗಳು ಹಲವಿವೆ. ನಯೇ ಎಂಬ ವಿಶೇಷಣ 1964ರಲ್ಲಿ ಬಿಟ್ಟುಹೋಯಿತು. ವಿಳಾಸದಲ್ಲಿ ಆರಂಕಿಯ ಪಿನ್‌ಕೋಡು ಇದ್ದರೆ ಆ ಹಾಳೆ 1972ರ ಆಗಸ್ಟಿಗಿಂತ ಹಿಂದಿನದಲ್ಲ. ಮೈಸೂರು ರಾಜ್ಯ ಕರ್ನಾಟಕವಾದದ್ದು 1973ರ ನವೆಂಬರ್ 1ರಂದು. ಬಾಲ್‌ಪೆನ್ನು ಜಗತ್ತಿನಲ್ಲಿ ಬಳಕೆಗೆ ಬಂದದ್ದೇ 1940ರ ದಶಕದಲ್ಲಿ. ಅದಕ್ಕೆ ಮೊದಲಿನ ತಾರೀಖಿನ ರುಜು ಬಾಲ್‌ಪೆನ್ನಿನದಾದರೆ ಮುಂದೆ ಮಾತೇ ಬೇಡ. ಕೂಟಲೇಖಕನು ಅಕ್ಷರವನ್ನು ವರ್ಷಗಟ್ಟಲೆ ಅಭ್ಯಾಸಮಾಡುತ್ತಾನೆ. ಬೆಲೆಯ ಚೀಟಿಯನ್ನು ಓದುವುದಿಲ್ಲ. ಅಮೆರಿಕದಲ್ಲಿ 1999ರಲ್ಲಿ ಪೊಲೀಸರು ಬೇಧಿಸಿದ ಒಂದು ದೊಡ್ಡ ಜಾಲದವರು ಆಟಗಾರರ ಕಳ್ಳರುಜುಗಳಲ್ಲಿ ಎಷ್ಟು ಮೈಮರೆತಿದ್ದರೆಂದರೆ, ಬೇಸ್‌ಬಾಲ್ ಚೆಂಡುಗಳ ಮೇಲೆ ಮದರ್ ತೆರೇಸಾ ಅವರ ರುಜುವನ್ನೂ ಹಾಕಿ ಮಾರಾಟಕ್ಕಿಟ್ಟಿದ್ದರು. ಈ ಮನುಷ್ಯರಿಗೆ ಈ ವಸ್ತು ಘಟಿಸುವುದೇ ಎಂದು ಒಂದು ಕ್ಷಣ ಕೇಳಿಕೊಂಡಿದ್ದರೆ ಸಾಕಾಗಿತ್ತು.

ದೃಢೀಕರಣ ಪತ್ರದ ಮಾತಿಗೆ ಬಂದರೆ, ಅದು ನೈಯಾಯಿಕರು ಅನವಸ್ಥೆಯೆಂದು ಕರೆಯುವ ದೋಷಕ್ಕೆ ಒಳ್ಳೆಯ ಉದಾಹರಣೆ. ರುಜುವಿಗೆ ಪತ್ರ ಪ್ರಮಾಣ. ಪತ್ರದ ಮೇಲಿನ ರುಜುವಿಗೆ ಯಾವುದು ಪ್ರಮಾಣ? ತಜ್ಞರ ಹೋಲಿಕೆಯೂ ಮಾದರಿ ನಿಜವಾಗಿದ್ದಾಗ ಮಾತ್ರ ಉಪಯೋಗಕ್ಕೆ ಬರುತ್ತದೆ. 1983ರಲ್ಲಿ ಜರ್ಮನಿಯ ‘ಸ್ಟೆರ್ನ್’ ಪತ್ರಿಕೆಯವರು ಹಿಟ್ಲರನ ದಿನಚರಿಗಳೆಂದು ಪ್ರಕಟಿಸಿದ ಬರಹವನ್ನು ತಜ್ಞರು ನಿಜವೆಂದಿದ್ದರು. ಆದರೆ ಹೋಲಿಸಲು ಅವರಿಗೆ ಒದಗಿಸಿದ್ದ ಮಾದರಿಗಳಲ್ಲಿ ಕೆಲವು ಅದೇ ಕೂಟಲೇಖಕ ಕುಯಾವ್ ಎಂಬವನ ಕೈಯವೇ ಆಗಿದ್ದವು. ಕುರುಡನ ಕೈಯನ್ನು ಕುರುಡ ಹಿಡಿದ ಅಂಧಪರಂಪರಾನ್ಯಾಯಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ? ಕಡೆಗೆ ಗುಟ್ಟು ಒಡೆದದ್ದು ಕಾಗದದಿಂದ: ಯುದ್ಧ ಮುಗಿದು ವರ್ಷಗಳಾದ ಮೇಲೆ ಬಳಕೆಗೆ ಬಂದ ಬಿಳಿಗೊಳಿಸುವ ರಸಾಯನ ಅದರಲ್ಲಿತ್ತು.

ಜ್ಞಾನವು ತಾನಾಗಿಯೇ ಪ್ರಮಾಣ, ಬಾಧಕ ಬಂದಾಗ ಮಾತ್ರ ಬಿಡಬೇಕೆಂಬುದು ಮೀಮಾಂಸಕರ ಮತ. ಹೊರಗಿನ ಆಧಾರದಿಂದಲೇ ಪ್ರಾಮಾಣ್ಯ ಸಿದ್ಧಿಸಬೇಕೆಂಬುದು ನೈಯಾಯಿಕರದು. ಅಜ್ಜನ ಪೆಟ್ಟಿಗೆಯಿಂದ ಬಂದ ಕಾಗದದ ವಿಷಯದಲ್ಲಿ ಮೀಮಾಂಸಕರಾಗಿರುವುದು ಮನೆಯವರಿಗೆ ಶೋಭಿಸುತ್ತದೆ. ಹಣ ಪಾವತಿಮಾಡುವ ಮುನ್ನ ಮಾತ್ರ ನೈಯಾಯಿಕರಾಗಿರುವುದು ಕ್ಷೇಮ. ಇದು ಯಾರಿಂದ ನಿಮಗೆ ಬಂತು, ಅವರಿಗೆ ಯಾರಿಂದ ಬಂತು, ಆ ಮನೆಯ ಬೇರೆ ಕಾಗದಗಳೇನಾದವು ಎಂದು ಮಾರುವವನನ್ನು ಬರಹದಲ್ಲಿ ಕೇಳಬೇಕು. ಹಿಂಬದಿಯ, ಅಂಚಿನ, ಹೊಲಿಗೆಯ ಚಿತ್ರಗಳನ್ನು ತರಿಸಬೇಕು. ನಿಜವಾದ ವಸ್ತುವಿದ್ದವನಿಗೆ ಈ ಪ್ರಶ್ನೆಗಳಿಂದ ಬೇಸರವಾಗುವುದಿಲ್ಲ. ಅವನು ಕೇಳದಿದ್ದರೂ ಹೇಳುತ್ತಾನೆ.

ಕೈಬರಹವನ್ನು ಬಲ್ಲವರ ಮಾತಿಗೆ ನ್ಯಾಯಾಲಯವೂ ಬೆಲೆ ಕೊಡುತ್ತದೆ. 1872ರ ಸಾಕ್ಷ್ಯ ಕಾಯಿದೆಯ 47ನೆಯ ಪ್ರಕರಣದಲ್ಲಿ, ಒಬ್ಬನು ಬರೆಯುವುದನ್ನು ಕಣ್ಣಾರೆ ಕಂಡವನು, ಅವನಿಂದ ಕಾಗದಗಳನ್ನು ಪಡೆದವನು, ಅವನ ಬರಹ ನಿತ್ಯವ್ಯವಹಾರದಲ್ಲಿ ಎದುರಿಗೆ ಬರುತ್ತಿದ್ದವನು ಇಂಥವರ ಅಭಿಪ್ರಾಯ ಗ್ರಾಹ್ಯವೆಂದು ಇತ್ತು. 2024ರ ಜುಲೈ 1ರಿಂದ ಆ ಕಾಯಿದೆಯ ಸ್ಥಾನಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದ್ದರೂ ಆ ತತ್ವ ಉಳಿದಿದೆ. ಆದರೆ ಅಂಥ ಸಾಕ್ಷಿಗಳು ಎಷ್ಟು ದಿನ ಇರುತ್ತಾರೆ? ಬೇಂದ್ರೆಯವರು ಹೋದದ್ದು 1981ರಲ್ಲಿ, ಮಾಸ್ತಿಯವರು 1986ರಲ್ಲಿ, ಕುವೆಂಪು 1994ರಲ್ಲಿ, ಕಾರಂತರು 1997ರಲ್ಲಿ. ಅವರು ಬರೆಯುವುದನ್ನು ಎದುರಿಗೆ ಕುಳಿತು ನೋಡಿದವರು ಇಂದು ಮುದುಕರು. ಉಳಿಯಬೇಕಾದವು ಆ ಕೈಗಳಿಂದ ಬಂದ ಕಾಗದಗಳು.

ಅವು ಎಲ್ಲಿವೆಯೆಂದರೆ, ಇದೇ ನಾಲ್ಕು ತಾಲ್ಲೂಕುಗಳ ಹಳೆಯ ಮನೆಗಳಲ್ಲಿ, ತೊಲೆಗೆ ನೇತುಹಾಕಿದ ತಂತಿಗಳಲ್ಲಿವೆ. ಕೊಂಡಿಯಾಗಿ ಬಗ್ಗಿಸಿದ ಆ ತಂತಿಗೆ, ಬೀಗರ ಕಾಗದ, ಕಂದಾಯದ ರಸೀತಿ, ಮದು‌ವೆಯ ಕರೆಯೋಲೆ ಇವುಗಳ ನಡುವೆ, ಸಾಹಿತಿಯೊಬ್ಬರು ಹಳ್ಳಿಯ ಮೇಷ್ಟರಿಗೋ ಶಾನುಭೋಗರಿಗೋ ಬರೆದ ಒಂದು ಕಾರ್ಡು ಚುಚ್ಚಿಕೊಂಡಿರುತ್ತದೆ. ಭಾಷಣಕ್ಕೆ ಬರಲಾಗುವುದಿಲ್ಲ, ಪುಸ್ತಕದ ಹಣ ಮುಟ್ಟಿತು, ಇಷ್ಟೇ ಅದರಲ್ಲಿರುವುದು. ಆದರೆ ಅದಕ್ಕೆ ಅಂಚೆಯ ಮುದ್ರೆಯಿದೆ, ತಾರೀಖಿದೆ, ಪಡೆದವರ ಹೆಸರಿದೆ, ಬಂದ ದಾರಿಯಿದೆ. ಯಾವ ದೃಢೀಕರಣ ಪತ್ರವೂ ಬೇಕಿಲ್ಲ. ಹಳೆಯ ತೊಟ್ಟಿಮನೆಯನ್ನು ಕೆಡವಿ ತಾರಸಿ ಮನೆ ಕಟ್ಟುವಾಗ ಆ ತಂತಿಯನ್ನು ತೊಲೆಯಿಂದ ಕಳಚುತ್ತಾರೆ. ಕಾಗದಗಳನ್ನು ಎಳೆದು ಮೂಟೆಗೆ ತುಂಬಿ, ಬೀದಿಯಲ್ಲಿ ಕೂಗಿಕೊಂಡು ಬರುವ ಹಳೇ ಪೇಪರಿನವನ ತಕ್ಕಡಿಗೆ ಹಾಕುತ್ತಾರೆ. ಅವನು ಕಿಲೋ ಲೆಕ್ಕದಲ್ಲಿ ದುಡ್ಡು ಕೊಡುತ್ತಾನೆ. ತಂತಿಗೆ ಬೇರೆ ದರ.